ಆಕಾಶದ ದಾರಿ ಕಾಯುವ ಕೆಲವೇ ಮಂದಿ



ಮಧ್ಯಾಹ್ನದ ಬಿಸಿಯೂಟ ಮುಗಿಸಿ ಕೈ ತೊಳೆದು ಬರುವಾಗ ಒಮ್ಮೆ ತಲೆಯೆತ್ತಿ ಆಕಾಶ ನೋಡಿ. ಮೋಡವಿಲ್ಲದ ದಿನವಾದರೆ ಬೆಳ್ಳಿಯ ಚುಕ್ಕಿಯಂತಹ ವಿಮಾನವೊಂದು ಸದ್ದಿಲ್ಲದೆ ಸಾಗುತ್ತಿರುವುದು ಕಾಣಬಹುದು. ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಿಂದ ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 50ರಿಂದ 60 ಕಿಲೋಮೀಟರ್ ಅಷ್ಟೇ. ಆದ್ದರಿಂದ ನಮ್ಮ ಭಾಗದ ಮಕ್ಕಳಿಗೆ ವಿಮಾನ ಹೊಸದಲ್ಲ.

ಹೊಳವನಹಳ್ಳಿಯಲ್ಲಿ ಹೀಗೆ ವಿಮಾನ ನೋಡುತ್ತ ನಿಂತಿದ್ದ ಏಳನೇ ತರಗತಿಯ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿದಳು. "ಸಾರ್, ಮೇಲೆ ರಸ್ತೆ ಇಲ್ಲ, ಹಂಪ್ ಇಲ್ಲ, ಟ್ರಾಫಿಕ್ ಪೊಲೀಸ್ ಇಲ್ಲ. ಎದುರಿಗೆ ಇನ್ನೊಂದು ವಿಮಾನ ಬಂದುಬಿಟ್ಟರೆ?"

ಒಳ್ಳೆಯ ಪ್ರಶ್ನೆ ಅಲ್ಲವೇ? ಉತ್ತರ ಹುಡುಕೋಣ ಬನ್ನಿ.

ಕಣ್ಣು ಸಾಲದು

ದೊಡ್ಡ ಪ್ರಯಾಣಿಕ ವಿಮಾನ ಎತ್ತರದಲ್ಲಿ ಹಾರುವಾಗ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿರುತ್ತದೆ. ಅಂದರೆ ನಿಮಿಷಕ್ಕೆ 15 ಕಿಲೋಮೀಟರ್. ತುಮಕೂರಿನಿಂದ ಮಧುಗಿರಿಗೆ ನಮ್ಮ ಬಸ್ಸು ಒಂದು ಗಂಟೆಯಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ವಿಮಾನಕ್ಕೆ ಎರಡೂವರೆ ನಿಮಿಷ ಸಾಕು!

ಈಗ ಎರಡು ವಿಮಾನಗಳು ಎದುರುಬದುರಾಗಿ ಬರುತ್ತಿವೆ ಎಂದುಕೊಳ್ಳಿ. ಅವುಗಳ ನಡುವಿನ ದೂರ ನಿಮಿಷಕ್ಕೆ 30 ಕಿಲೋಮೀಟರ್‌ನಂತೆ ಕರಗುತ್ತದೆ. 10 ಕಿಲೋಮೀಟರ್ ದೂರದಲ್ಲಿ ಪೈಲಟ್ ಇನ್ನೊಂದು ವಿಮಾನವನ್ನು ಕಂಡರೂ ಉಳಿಯುವುದು ಕೇವಲ 20 ಸೆಕೆಂಡು. ನೂರಾರು ಜನರಿರುವ ಭಾರೀ ವಿಮಾನವನ್ನು ಸೈಕಲ್‌ನಂತೆ ತಟ್ಟನೆ ಪಕ್ಕಕ್ಕೆ ತಿರುಗಿಸಲಾಗದು. ರಾತ್ರಿ ಮತ್ತು ಮೋಡದ ಒಳಗಂತೂ ಏನೂ ಕಾಣುವುದಿಲ್ಲ.

ಆದ್ದರಿಂದ ನೆಲದ ಮೇಲೆ ಕುಳಿತು ಎಲ್ಲ ವಿಮಾನಗಳನ್ನೂ ಒಟ್ಟಿಗೆ ನೋಡುತ್ತ, ಒಂದೊಂದಕ್ಕೂ ದಾರಿ ಹೇಳುವವರು ಬೇಕು. ಅವರೇ ವಾಯು ಸಂಚಾರ ನಿಯಂತ್ರಕರು. ಈ ವ್ಯವಸ್ಥೆಗೆ ಎ.ಟಿ.ಸಿ. ಎಂಬ ಚಿಕ್ಕ ಹೆಸರಿದೆ.

ಬಾವುಟದಿಂದ ರೇಡಾರ್‌ವರೆಗೆ

ಮೊದಲಿಗೆ ಈ ಕೆಲಸ ಬಹಳ ಸರಳವಾಗಿತ್ತು. 1929ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ವಿಮಾನ ನಿಲ್ದಾಣದಲ್ಲಿ ಆರ್ಚಿ ಲೀಗ್ ಎಂಬುವರು ತಳ್ಳುಗಾಡಿಯಲ್ಲಿ ಒಂದು ಕುರ್ಚಿ, ಒಂದು ಕೊಡೆ ಮತ್ತು ಎರಡು ಬಾವುಟ ಇಟ್ಟುಕೊಂಡು ಮೈದಾನಕ್ಕೆ ಹೋಗುತ್ತಿದ್ದರು. ಕೆಂಪು ಬಾವುಟ ತೋರಿಸಿದರೆ 'ನಿಲ್ಲು', ಚೌಕುಳಿ ಬಾವುಟ ತೋರಿಸಿದರೆ 'ಹೊರಡು'. ನಮ್ಮ ರೈಲಿನ ಗಾರ್ಡ್ ಬಾವುಟ ತೋರಿಸಿದಂತೆಯೇ!

ಇಂದು ಬಾವುಟದ ಬದಲು ರೇಡಿಯೋ ಮತ್ತು ರೇಡಾರ್ ಬಂದಿವೆ. ರೇಡಾರ್ ಕಳುಹಿಸಿದ ರೇಡಿಯೋ ಅಲೆ ವಿಮಾನಕ್ಕೆ ತಗುಲಿ ಹಿಂದಿರುಗುತ್ತದೆ. ಹಿಂದಿರುಗಲು ಹಿಡಿದ ಸಮಯದಿಂದ ವಿಮಾನ ಎಷ್ಟು ದೂರದಲ್ಲಿದೆ ಎಂದು ತಿಳಿಯುತ್ತದೆ. ಬೆಟ್ಟದ ಎದುರು ನಿಂತು ಕೂಗಿದಾಗ ಪ್ರತಿಧ್ವನಿ ಬರುತ್ತದಲ್ಲ, ಹಾಗೆ. ಇನ್ನೊಂದು ಬಗೆಯ ರೇಡಾರ್ ಇದೆ. ಅದು ವಿಮಾನವನ್ನು 'ನೀನು ಯಾರು? ಎಷ್ಟು ಎತ್ತರದಲ್ಲಿದ್ದೀಯೆ?' ಎಂದು ಕೇಳುತ್ತದೆ. ವಿಮಾನದಲ್ಲಿರುವ ಉಪಕರಣ ತಾನಾಗಿ ಉತ್ತರ ಕೊಡುತ್ತದೆ.

ಆಕಾಶವನ್ನೂ ಹಂಚಿಕೊಂಡಿದ್ದಾರೆ. ವಿಮಾನ ನಿಲ್ದಾಣದ ಎತ್ತರದ ಗೋಪುರದಲ್ಲಿರುವವರು ರನ್‌ವೇಯನ್ನೂ ಅದರ ಸುತ್ತಮುತ್ತಲನ್ನೂ ನೋಡಿಕೊಳ್ಳುತ್ತಾರೆ. ರೇಡಾರ್ ಕೋಣೆಯಲ್ಲಿರುವವರು ನಿಲ್ದಾಣಕ್ಕೆ ಬರುವ, ಅಲ್ಲಿಂದ ಹೊರಡುವ ವಿಮಾನಗಳನ್ನು ಸಾಲುಗೊಳಿಸುತ್ತಾರೆ. ಇನ್ನೂ ಮೇಲಿನ ಆಕಾಶವನ್ನು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಎಂಬ ದೊಡ್ಡ ವಲಯಗಳಾಗಿ ಮಾಡಿದ್ದಾರೆ. ನಮ್ಮ ಹೊಳವನಹಳ್ಳಿಯ ಮೇಲಿನ ಆಕಾಶ ಚೆನ್ನೈ ವಲಯಕ್ಕೆ ಸೇರಿದೆ.

ಅಲ್ಲಿ ಕಾಣದ ರಸ್ತೆಗಳೂ ಇವೆ! ಪೂರ್ವ ದಿಕ್ಕಿನ ಕಡೆಗೆ ಹೋಗುವ ವಿಮಾನಗಳಿಗೆ ಸಾಮಾನ್ಯವಾಗಿ 31, 33, 35 ಸಾವಿರ ಅಡಿ ಹೀಗೆ ಬೆಸ ಸಂಖ್ಯೆಯ ಎತ್ತರ. ಪಶ್ಚಿಮದ ಕಡೆಗೆ ಹೋಗುವವಕ್ಕೆ 30, 32, 34 ಸಾವಿರ ಅಡಿ ಹೀಗೆ ಸಮ ಸಂಖ್ಯೆಯ ಎತ್ತರ. ನೀವು ಗಣಿತದಲ್ಲಿ ಕಲಿತ ಸಮ ಮತ್ತು ಬೆಸ ಸಂಖ್ಯೆಗಳು ಅಲ್ಲಿ ಜೀವ ಉಳಿಸುತ್ತವೆ. ಒಂದರ ಮೇಲೊಂದು ಹಾರುವ ವಿಮಾನಗಳ ನಡುವೆ ಕನಿಷ್ಠ 1,000 ಅಡಿ ಅಂತರ ಬೇಕು. ಒಂದೇ ಎತ್ತರದಲ್ಲಿದ್ದರೆ, ರೇಡಾರ್ ಇರುವಲ್ಲಿ ಸಾಮಾನ್ಯವಾಗಿ 9 ಕಿಲೋಮೀಟರ್‌ನಷ್ಟು ಅಂತರ ಬೇಕು. ಈ ಅಂತರ ಕಾಯುವುದೇ ನಿಯಂತ್ರಕರ ಮುಖ್ಯ ಕೆಲಸ.

ಅವರು ಎಷ್ಟು ಮಂದಿ ಗೊತ್ತೇ?

ಭಾರತದ ನಾಗರಿಕ ವಿಮಾನ ನಿಲ್ದಾಣಗಳಲ್ಲಿ ಈ ಕೆಲಸದ ಹೊಣೆ ಹೊತ್ತಿರುವುದು 1995ರಲ್ಲಿ ರಚನೆಯಾದ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ. ಅದರಲ್ಲಿ ಕೆಲಸ ಮಾಡುವ ನಿಯಂತ್ರಕರು ಇಡೀ ದೇಶಕ್ಕೆ ಸುಮಾರು 4,000 ಮಂದಿ. ವಾಯುಪಡೆ ಮತ್ತು ನೌಕಾಪಡೆಗೆ ತಮ್ಮದೇ ನಿಯಂತ್ರಕರಿದ್ದಾರೆ. ಬೆಂಗಳೂರಿನ ಹಳೆಯ ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲಿ ಆ ಸಂಸ್ಥೆಯವರೇ ಇದ್ದಾರೆ. ಅವರನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ನಾಲ್ಕು ಸಾವಿರ ಎಂದರೆ ಹೆಚ್ಚೇ, ಕಡಿಮೆಯೇ? ಲೆಕ್ಕ ಹಾಕೋಣ. ದೇಶದ ಜನಸಂಖ್ಯೆ 140 ಕೋಟಿಗೂ ಹೆಚ್ಚು. 140 ಕೋಟಿಯನ್ನು 4,000ದಿಂದ ಭಾಗಿಸಿ. ಮೂರೂವರೆ ಲಕ್ಷ ಬರುತ್ತದೆ. ಅಂದರೆ ಮೂರೂವರೆ ಲಕ್ಷ ಜನರಲ್ಲಿ ಒಬ್ಬರು! 2011ರ ಜನಗಣತಿಯ ಪ್ರಕಾರ ತುಮಕೂರು ಜಿಲ್ಲೆಯ ಜನಸಂಖ್ಯೆ ಸುಮಾರು 26 ಲಕ್ಷ 80 ಸಾವಿರ. ಸಮನಾಗಿ ಹಂಚಿದರೆ ಇಡೀ ಜಿಲ್ಲೆಗೆ ಏಳೆಂಟು ಮಂದಿ. ಕೊರಟಗೆರೆ ತಾಲ್ಲೂಕಿಗೆ ಒಬ್ಬರೂ ಪೂರ್ತಿ ಸಿಗುವುದಿಲ್ಲ. ದೇಶದಲ್ಲಿ ಶಾಲಾ ಶಿಕ್ಷಕರು 90 ಲಕ್ಷಕ್ಕೂ ಹೆಚ್ಚಿದ್ದಾರೆ. ಎರಡು ಸಾವಿರ ಶಿಕ್ಷಕರಿಗೆ ಒಬ್ಬ ನಿಯಂತ್ರಕರೂ ಇಲ್ಲ ಎಂದಾಯಿತು.

ಇನ್ನೊಂದು ಲೆಕ್ಕ ಇದೆ. ವಿಮಾನಗಳಿಗೆ ಭಾನುವಾರವಿಲ್ಲ, ರಾತ್ರಿಯಿಲ್ಲ. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 42 ಗಂಟೆ ಕೆಲಸ ಮಾಡಿದರೂ ಒಂದು ಕುರ್ಚಿಗೆ ನಾಲ್ವರು ಬೇಕು. ರಜೆ, ವಿರಾಮ, ತರಬೇತಿ ಸೇರಿಸಿದರೆ ಇನ್ನೂ ಹೆಚ್ಚು. ಹಾಗಾದರೆ ನೀವು ಈ ಪುಟ ಓದುತ್ತಿರುವ ಈ ಗಳಿಗೆಯಲ್ಲಿ ದೇಶದ ಎಲ್ಲ ಕುರ್ಚಿಗಳಲ್ಲಿ ಕುಳಿತಿರುವವರು ಸಾವಿರಕ್ಕಿಂತ ಕಡಿಮೆ. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ದೇಶೀಯ ವಿಮಾನಗಳು ಹೊರಡುವ ನಮ್ಮ ಆಕಾಶವನ್ನು ಕಾಯುತ್ತಿರುವುದು ಇಷ್ಟೇ ಮಂದಿ.

ಬೆಂಗಳೂರಿನ ಒಂದು ಬೆಳಗ್ಗೆ

ಅವರಲ್ಲಿ ಒಬ್ಬರ ಮಾತಿಗೆ ಎಷ್ಟು ಬೆಲೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ನಡೆದ ಒಂದು ಘಟನೆ ಕೇಳಿ.

ಕೆಂಪೇಗೌಡ ವಿಮಾನ ನಿಲ್ದಾಣ ಆರಂಭವಾದದ್ದು 2008ರ ಮೇ ತಿಂಗಳಲ್ಲಿ. 2019ರ ಡಿಸೆಂಬರ್‌ನಲ್ಲಿ ಅಲ್ಲಿ ಎರಡನೆಯ ರನ್‌ವೇ ಬಂತು. ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ಎರಡೂ ರೈಲು ಹಳಿಗಳಂತೆ ಸಮಾಂತರವಾಗಿವೆ.

2022ರ ಜನವರಿಯ ಒಂದು ಬೆಳಗ್ಗೆ ಅಲ್ಲಿ ರನ್‌ವೇ ಬಳಕೆಯ ಕ್ರಮವನ್ನು ಬದಲಿಸಿದರು. ದಕ್ಷಿಣದ ರನ್‌ವೇಯನ್ನು ನಿಲ್ಲಿಸಿ ಉತ್ತರದ ಒಂದನ್ನೇ ಬಳಸುವುದೆಂದು ತೀರ್ಮಾನವಾಯಿತು. ಆದರೆ ಈ ಮಾತು ದಕ್ಷಿಣದ ರನ್‌ವೇ ನೋಡಿಕೊಳ್ಳುತ್ತಿದ್ದ ನಿಯಂತ್ರಕರಿಗೆ ತಲುಪಲಿಲ್ಲ. ಕೋಲ್ಕತ್ತಕ್ಕೆ ಹೋಗುವ ಒಂದು ವಿಮಾನ, ಭುವನೇಶ್ವರಕ್ಕೆ ಹೋಗುವ ಒಂದು ವಿಮಾನ ಎರಡು ರನ್‌ವೇಗಳಿಂದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮೇಲೇರಿದವು. ಒಂದೇ ದಿಕ್ಕಿಗೆ ಏರಿದ ಅವು ಮುಂದೆ ಪರಸ್ಪರ ಹತ್ತಿರವಾಗತೊಡಗಿದವು. ಎರಡರಲ್ಲೂ ಸೇರಿ 426 ಜನರಿದ್ದರು.

ರೇಡಾರ್ ಪರದೆಯ ಮುಂದೆ ಕುಳಿತಿದ್ದ ನಿಯಂತ್ರಕರು ಇದನ್ನು ಕಂಡರು. ಕೂಡಲೇ ಒಂದು ವಿಮಾನಕ್ಕೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ ತಿರುಗಲು ಸೂಚಿಸಿದರು. ಪೈಲಟ್‌ಗಳು ತಿರುಗಿಸಿದರು. ಎರಡು ವಿಮಾನಗಳೂ ತಮ್ಮ ಊರು ಸೇರಿದವು. ಅಷ್ಟೇ!

ಈ ಘಟನೆಯಲ್ಲಿ ಎರಡು ಪಾಠಗಳಿವೆ. ತಲುಪದೆ ಹೋದ ಒಂದು ಮಾತು 426 ಜನರನ್ನು ಅಪಾಯದ ಅಂಚಿಗೆ ತಂದಿತು. ಸಮಯಕ್ಕೆ ತಲುಪಿದ ಒಂದು ಮಾತು ಅವರನ್ನು ಉಳಿಸಿತು.

'ಹತ್ತು' ಎಂದರೆ ಎಷ್ಟು?

ನಿಮ್ಮ ಗೆಳೆಯನಿಗೆ 'ಹತ್ತು' ಎಂದು ಹೇಳಿ ನೋಡಿ. ಅವನು ಅದನ್ನು ಸಂಖ್ಯೆ ಎಂದುಕೊಳ್ಳುತ್ತಾನೋ, ಮರ ಹತ್ತಬೇಕು ಎಂದುಕೊಳ್ಳುತ್ತಾನೋ? 'ಏಳು' ಎಂದರೆ ಸಂಖ್ಯೆಯೋ, ಎದ್ದು ನಿಲ್ಲಬೇಕೋ? ನಮ್ಮ ನಮ್ಮಲ್ಲಿ ಇದು ತಮಾಷೆ. ಆಕಾಶದಲ್ಲಿ ತಮಾಷೆಯಲ್ಲ.

ಇಂಗ್ಲಿಷಿನಲ್ಲೂ ಇದೇ ತೊಂದರೆ. ಅಲ್ಲಿ ಎರಡು ಎಂಬ ಸಂಖ್ಯೆಯೂ 'ಟೂ', '...ಗೆ' ಎಂಬ ಅರ್ಥದ ಪದವೂ 'ಟು'. 1989ರ ಫೆಬ್ರವರಿಯಲ್ಲಿ ಮಲೇಷ್ಯಾದ ಕೌಲಾಲಂಪುರದ ಬಳಿ ಸರಕು ವಿಮಾನವೊಂದಕ್ಕೆ 2,400 ಅಡಿಗೆ ಇಳಿಯಿರಿ ಎಂಬ ಅರ್ಥದಲ್ಲಿ 'ಟೂ ಫೋರ್ ಜೀರೋ ಜೀರೋ' ಎಂಬ ಸೂಚನೆ ಬಂತು. ವಿಮಾನದಲ್ಲಿದ್ದವರು ಅದನ್ನು 400 ಅಡಿ'ಗೆ' ಎಂದು ತಿಳಿದರು. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರು ಸಾವಿಗೀಡಾದರು.

ನಮ್ಮ ದೇಶವೂ ಇಂತಹ ದುಃಖ ಕಂಡಿದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಎಂಬಲ್ಲಿ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದು 349 ಜನ ಸತ್ತರು. ದೆಹಲಿಯತ್ತ ಬರುತ್ತಿದ್ದ ವಿಮಾನಕ್ಕೆ 15,000 ಅಡಿಯಲ್ಲಿ ಇರಲು ಹೇಳಲಾಗಿತ್ತು. ಎದುರಿನದಕ್ಕೆ ಕೊಟ್ಟಿದ್ದ ಎತ್ತರ 14,000 ಅಡಿ. ಬರುತ್ತಿದ್ದ ವಿಮಾನ ತನಗೆ ಹೇಳಿದ್ದಕ್ಕಿಂತ ಕೆಳಗಿಳಿದುಬಿಟ್ಟಿತು. ಅದರ ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ಅರ್ಥವಾಗುತ್ತಿರಲಿಲ್ಲ ಎಂಬುದೂ ಒಂದು ಕಾರಣ. ವಿಮಾನದ ಎತ್ತರ ತೋರಿಸುವ ರೇಡಾರ್ ಆಗ ದೆಹಲಿಯ ನಿಯಂತ್ರಕರ ಬಳಿ ಇರಲಿಲ್ಲ. ಈ ದುರಂತದ ನಂತರ, ಹತ್ತಿರ ಬಂದ ಇನ್ನೊಂದು ವಿಮಾನದ ಬಗ್ಗೆ ಪೈಲಟ್‌ಗೆ ಎಚ್ಚರಿಕೆ ಕೊಡುವ ಉಪಕರಣವನ್ನು ನಮ್ಮ ದೇಶದಲ್ಲಿ ಕಡ್ಡಾಯ ಮಾಡಿದರು.

ಇಂತಹ ತಪ್ಪು ತಡೆಯಲು ಒಂದು ಸುಲಭ ನಿಯಮವಿದೆ. ನಿಯಂತ್ರಕರು ಹೇಳಿದ ಎತ್ತರ, ದಿಕ್ಕು, ರನ್‌ವೇಯ ಸಂಖ್ಯೆ ಮುಂತಾದವನ್ನು ಪೈಲಟ್ ತಿರುಗಿ ಹೇಳಬೇಕು. ಅದು ಸರಿಯೇ ಎಂದು ನಿಯಂತ್ರಕರು ಕೇಳಿಸಿಕೊಳ್ಳಬೇಕು. ತಪ್ಪಿದ್ದರೆ ಅಲ್ಲಿಯೇ ತಿದ್ದಬೇಕು. ನಿಮ್ಮ ಗಣಿತದ ಮೇಷ್ಟ್ರು ಮಗ್ಗಿಯನ್ನು ಮತ್ತೆ ಹೇಳಿಸುತ್ತಾರಲ್ಲ, ಹಾಗೆ!

ಆಯ್ಕೆ ಏಕೆ ಇಷ್ಟು ಬಿಗಿ?

ನಿಯಂತ್ರಕರಾಗಲು ಗಣಿತ ಮತ್ತು ಭೌತಶಾಸ್ತ್ರ ಓದಿದ ಬಿ.ಎಸ್ಸಿ. ಪದವಿ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ದೇಶದಾದ್ಯಂತ ಒಂದೇ ಸ್ಪರ್ಧಾತ್ಮಕ ಪರೀಕ್ಷೆ ನಡೆಯುತ್ತದೆ. ಪ್ರಾಧಿಕಾರವು 2022ರಲ್ಲಿ 400, 2023ರಲ್ಲಿ 496, 2025ರಲ್ಲಿ 309 ಹುದ್ದೆಗಳಿಗೆ ಅರ್ಜಿ ಕರೆದಿತ್ತು. ಇಡೀ ದೇಶದ ಪದವೀಧರರಿಗೆ ಇಷ್ಟೇ ಹುದ್ದೆ.

ಪರೀಕ್ಷೆ ಪಾಸಾದರೆ ಮುಗಿಯಲಿಲ್ಲ. ಧ್ವನಿ ಪರೀಕ್ಷೆ ಇದೆ. ರೇಡಿಯೋದಲ್ಲಿ ಮಾತು ಸ್ಪಷ್ಟವಾಗಿ ಕೇಳಬೇಕು. ಕಣ್ಣು, ಕಿವಿ, ಹೃದಯದ ತಪಾಸಣೆ ಇದೆ. ಅಮಲಿನ ಪದಾರ್ಥ ಬಳಸುವವರೇ ಎಂಬ ಪರೀಕ್ಷೆ ಇದೆ. ಗಾಬರಿಯಲ್ಲೂ ಮನಸ್ಸು ಹಿಡಿತದಲ್ಲಿರುತ್ತದೆಯೇ ಎಂದು ನೋಡುತ್ತಾರೆ. ಆಯ್ಕೆಯಾದವರಿಗೆ ಪ್ರಯಾಗರಾಜ್‌ನಲ್ಲಿ 1948ರಲ್ಲಿ ಆರಂಭವಾದ ತರಬೇತಿ ಕಾಲೇಜು ಅಥವಾ ಹೈದರಾಬಾದ್, ಗೊಂದಿಯಾಗಳ ಕೇಂದ್ರಗಳಲ್ಲಿ ಪಾಠ ನಡೆಯುತ್ತದೆ. ಕಂಪ್ಯೂಟರ್ ತೋರಿಸುವ ಸುಳ್ಳು ವಿಮಾನಗಳೊಂದಿಗೆ ಅಭ್ಯಾಸ ಮಾಡಿಸುತ್ತಾರೆ. ನಂತರ ಹಿರಿಯರು ಪಕ್ಕದಲ್ಲಿ ಕುಳಿತು ನಿಜವಾದ ವಿಮಾನಗಳೊಂದಿಗೆ ಕಲಿಸುತ್ತಾರೆ.

ಇಲ್ಲಿ ಒಂದು ವಿಶೇಷವಿದೆ. ಡ್ರೈವಿಂಗ್ ಲೈಸೆನ್ಸ್ ಇದ್ದವರು ಯಾವ ಊರಿನಲ್ಲಾದರೂ ಗಾಡಿ ಓಡಿಸಬಹುದು. ಆದರೆ ಚೆನ್ನೈನಲ್ಲಿ ಹತ್ತು ವರ್ಷ ಕೆಲಸ ಮಾಡಿದ ನಿಯಂತ್ರಕರೂ ಬೆಂಗಳೂರಿಗೆ ವರ್ಗವಾಗಿ ಬಂದರೆ ನೇರವಾಗಿ ಮೈಕ್ ಹಿಡಿಯುವಂತಿಲ್ಲ. ಇಲ್ಲಿನ ರನ್‌ವೇ, ಬೆಟ್ಟಗುಡ್ಡ, ವಿಮಾನಗಳ ದಾರಿ ಎಲ್ಲವನ್ನೂ ಕಲಿತು ಮತ್ತೆ ಪರೀಕ್ಷೆ ಪಾಸಾಗಬೇಕು. ಕೆಲಸದಲ್ಲಿ ಗಮನ ಕುಂದಬಾರದೆಂದು ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಕೂರಿಸದೆ ವಿರಾಮ ಕೊಡುತ್ತಾರೆ.

ಜನ ಕಡಿಮೆಯಾದರೆ?

ಹೀಗೆ ಅಳೆದು ತೂಗಿ ಆರಿಸುವುದರಿಂದ ಸುರಕ್ಷತೆ ಹೆಚ್ಚುತ್ತದೆ. ಆದರೆ ಇದರಿಂದಲೇ ಒಂದು ಕಷ್ಟವೂ ಇದೆ. ಜನ ಕಡಿಮೆ ಬಿದ್ದಾಗ ನಾಳೆಯೇ ಬೇರೆಯವರನ್ನು ಕರೆತಂದು ಕೂರಿಸಲಾಗದು.

ಅಮೆರಿಕದಲ್ಲಿ 1981ರ ಆಗಸ್ಟ್‌ನಲ್ಲಿ ನಿಯಂತ್ರಕರು ಮುಷ್ಕರ ಹೂಡಿದರು. ಆಗಿನ ಅಧ್ಯಕ್ಷ ರೊನಾಲ್ಡ್ ರೇಗನ್ 11,000ಕ್ಕೂ ಹೆಚ್ಚು ಮಂದಿಯನ್ನು ಒಂದೇ ಸಲಕ್ಕೆ ಕೆಲಸದಿಂದ ತೆಗೆದರು. ವಿಮಾನಗಳ ಸಂಖ್ಯೆಯನ್ನು ಇಳಿಸಬೇಕಾಯಿತು. ಸೇನೆಯ ನಿಯಂತ್ರಕರನ್ನು ಕರೆಸಬೇಕಾಯಿತು. ಹೊಸಬರು ಕಲಿತು ಆ ಜಾಗ ತುಂಬಲು ವರ್ಷಗಳೇ ಹಿಡಿದವು.

ನಮ್ಮಲ್ಲೂ ಕೊರತೆ ಇದೆ. 2025ರಲ್ಲಿ ಮಂಜೂರಾದ ಹುದ್ದೆಗಳು ಸುಮಾರು 5,500 ಇದ್ದರೆ ಕೆಲಸದಲ್ಲಿದ್ದವರು ಸುಮಾರು 4,000 ಮಾತ್ರ. ಕರ್ನಾಟಕದಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣ 2023ರಲ್ಲಿ ಆರಂಭವಾಯಿತು. ಹೀಗೆ ನಿಲ್ದಾಣಗಳು, ವಿಮಾನಗಳು ಹೆಚ್ಚಿದಷ್ಟೂ ಹೊಸ ನಿಯಂತ್ರಕರು ಬೇಕು. ಖಾಲಿ ಕುರ್ಚಿಯ ಕೆಲಸ ಪಕ್ಕದ ಕುರ್ಚಿಯವರ ಹೆಗಲಿಗೆ ಬೀಳುತ್ತದೆ. ದಣಿದ ಕಣ್ಣಿಗೆ ಪರದೆಯ ಮೇಲಿನ ಚುಕ್ಕಿ ತಪ್ಪಿಹೋಗಬಾರದಲ್ಲವೇ?

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಸೀಮೆಸುಣ್ಣ ಅಥವಾ ರಂಗೋಲಿ ಪುಡಿ, ಕಣ್ಣಿಗೆ ಕಟ್ಟಲು ಮೂರು ಬಟ್ಟೆ.

ವಿಧಾನ: ಶಿಕ್ಷಕರ ಸಮ್ಮುಖದಲ್ಲಿ ಶಾಲೆಯ ಅಂಗಳದಲ್ಲಿ ಉದ್ದಕ್ಕೆ ಎಂಟು, ಅಗಲಕ್ಕೆ ಎಂಟು ಮನೆಗಳ ಚೌಕ ಬರೆಯಿರಿ. ಮೂವರು ವಿಮಾನಗಳಾಗಲಿ. ಅವರ ಕಣ್ಣಿಗೆ ಬಟ್ಟೆ ಕಟ್ಟಿ ಬೇರೆ ಬೇರೆ ಅಂಚಿನಲ್ಲಿ ನಿಲ್ಲಿಸಿ. ಒಬ್ಬರು ನಿಯಂತ್ರಕರಾಗಿ 'ವಿಮಾನ ಒಂದು, ಎರಡು ಹೆಜ್ಜೆ ಮುಂದೆ', 'ವಿಮಾನ ಮೂರು, ಬಲಕ್ಕೆ ತಿರುಗಿ' ಎಂದು ಹೇಳುತ್ತ ಮೂವರನ್ನೂ ಎದುರಿನ ಅಂಚಿಗೆ ತಲುಪಿಸಬೇಕು. ಎರಡು ವಿಮಾನಗಳು ಅಕ್ಕಪಕ್ಕದ ಮನೆಗೆ ಬಂದರೆ ಒಂದು ತಪ್ಪು. ಉಳಿದವರು ಸುತ್ತ ನಿಂತು ಮಾತನಾಡುತ್ತಿರಿ. ಗದ್ದಲವೂ ಬೇಕಲ್ಲ!

ಮೊದಲ ಸಲ ವಿಮಾನಗಳು ಕೇಳಿದ ಕೂಡಲೇ ನಡೆಯಲಿ. ಎರಡನೆಯ ಸಲ ಸೂಚನೆಯನ್ನು ತಿರುಗಿ ಹೇಳಿ, ನಿಯಂತ್ರಕರು 'ಸರಿ' ಎಂದ ಮೇಲೆಯೇ ನಡೆಯಲಿ. ಎರಡೂ ಸಲದ ತಪ್ಪುಗಳನ್ನು ಎಣಿಸಿ ಬರೆಯಿರಿ. ಯಾವಾಗ ಕಡಿಮೆ? ಯಾವಾಗ ಹೆಚ್ಚು ಸಮಯ ಹಿಡಿಯಿತು? ನಾಲ್ಕನೆಯ ವಿಮಾನ ಸೇರಿಸಿದರೆ ನಿಯಂತ್ರಕರಿಗೆ ಏನಾಗುತ್ತದೆ? ಚರ್ಚಿಸಿ.

ಕೊನೆಯ ಮಾತು

'ನಮ್ಮದು ಕನ್ನಡ ಶಾಲೆ. ಇಂಗ್ಲಿಷ್ ಇಲ್ಲದೆ ಇದೆಲ್ಲ ನಮಗೆಲ್ಲಿ?' ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಇಂಗ್ಲಿಷ್ ಬೇಕು, ನಿಜ. ಅಂತರರಾಷ್ಟ್ರೀಯ ನಿಯಮದಂತೆ ನಿಯಂತ್ರಕರ ಭಾಷಾ ಸಾಮರ್ಥ್ಯವನ್ನು ಆರು ಹಂತಗಳಲ್ಲಿ ಅಳೆಯುತ್ತಾರೆ. ಕನಿಷ್ಠ ನಾಲ್ಕನೆಯ ಹಂತ ತಲುಪಿರಬೇಕು. ಆದರೆ ಅಲ್ಲಿ ನೋಡುವುದು ಆಡಂಬರದ ಇಂಗ್ಲಿಷನ್ನಲ್ಲ. ಕೇಳಿದ್ದು ಅರ್ಥವಾಗುತ್ತದೆಯೇ, ಹೇಳಿದ್ದು ಎದುರಿನವರಿಗೆ ಅರ್ಥವಾಗುತ್ತದೆಯೇ, ಅರ್ಥವಾಗದಿದ್ದಾಗ ನಾಚಿಕೆಯಿಲ್ಲದೆ ಮತ್ತೆ ಕೇಳುತ್ತಾರೆಯೇ ಎಂಬುದು ಮುಖ್ಯ. ಇದನ್ನು ಇಂದಿನಿಂದಲೇ ಕಲಿಯಬಹುದು.

ತರಗತಿಯಲ್ಲಿ ಅರ್ಥವಾಗದಿದ್ದರೂ 'ಅರ್ಥವಾಯಿತು ಸಾರ್' ಎಂದು ಎಲ್ಲರೊಂದಿಗೆ ಕೂಗುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಆಕಾಶದ ದಾರಿ ಕಾಯುವವರು ಮಾಡಬಾರದ ಮೊದಲ ಕೆಲಸ ಅದೇ!

ಎಲ್ಲರೂ ನಿಯಂತ್ರಕರಾಗಲು ಸಾಧ್ಯವಿಲ್ಲ. ಹುದ್ದೆಗಳು ಕಡಿಮೆ ಎಂದು ಲೆಕ್ಕ ಹಾಕಿ ನೋಡಿದ್ದೀರಿ. ಆದರೆ ಆ ಕೆಲವೇ ಮಂದಿಯಲ್ಲಿ ಒಬ್ಬರು ಜಯಮಂಗಲಿ ನದಿ ದಡದ ಸರ್ಕಾರಿ ಶಾಲೆಯಿಂದ ಹೋಗಬಾರದೆಂಬ ನಿಯಮ ಎಲ್ಲಿಯೂ ಇಲ್ಲ. ಹುಡುಗರೂ ಹೋಗಬಹುದು, ಹುಡುಗಿಯರೂ ಹೋಗಬಹುದು.

ಹೊಳವನಹಳ್ಳಿಯ ಆ ಹುಡುಗಿಗೆ ಅಂದು ನಾನು ಇಷ್ಟನ್ನೇ ಹೇಳಿದೆ: "ಮೇಲೆ ಪೊಲೀಸ್ ಇಲ್ಲಮ್ಮ. ಆದರೆ ನೆಲದ ಮೇಲೆ ಕುಳಿತು ಆ ವಿಮಾನವನ್ನು ಒಬ್ಬರು ನೋಡುತ್ತಿದ್ದಾರೆ." ಅವಳು ಮತ್ತೆ ಆಕಾಶ ನೋಡಿ ಕೇಳಿದಳು, "ಅವರು ಊಟಕ್ಕೆ ಎದ್ದರೆ ಸಾರ್?"

"ಇನ್ನೊಬ್ಬರು ಬಂದು ಕುಳಿತು, ಎಲ್ಲವನ್ನೂ ಕೇಳಿ ತಿಳಿದುಕೊಂಡ ಮೇಲೆಯೇ ಏಳುತ್ತಾರೆ" ಎಂದೆ.

ಆ ಇನ್ನೊಬ್ಬರು ಸಾಕಷ್ಟು ಇರಬೇಕು ಮಕ್ಕಳೇ. ಅದಕ್ಕಾಗಿಯೇ ಇದನ್ನೆಲ್ಲ ನಿಮಗೆ ಬರೆದೆ.